ಕಾರಿನ ಎಂಜಿನ್ ಕಾಯುತ್ತಿದೆಯೇ? ಹೆಡ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಮಾರ್ಚ್ ಮುಗಿಯುತ್ತ ಬಂದಂತೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಎಂಜಿನ್ ಬಿಸಿಯವೇ. "ಸರ, ಗಾಡಿ ಭಾಳ ಹೀಟ್ ಆಗಾಕತ್ತೈತ್ರಿ, ದಿನಾ ನೀರ್ ಹಾಕ್ತೀನಿ, ಆದ್ರೂ ಮುಳ್ಳು ಮ್ಯಾಲೇ ಹೋಗತೈತಿ" ಎಂದು ಸಿಂದಗಿ ಕಡೆಯವರು ಕೇಳುತ್ತಾರೆ. "ಮಿಸ್ತ್ರಿ ಹೆಡ್ ಬಿಚ್ಚಬೇಕು ಅಂತಾನ್ರಿ, ಬಿಚ್ಚಿಸ್ಲೇನು?" ಎಂದು ಮುಧೋಳ ಕಡೆಯವರು. ಇಬ್ಬರಿಗೂ ನಾನು ಹೇಳುವುದು, ಸ್ವಲ್ಪ ತಡೀರಿ ಅಂತ. ದಿನಾ ನೀರು ಹಾಕುತ್ತ ಓಡಿಸಿದರೆ ರೋಗ ಒಳಗೇ ಬೆಳೆಯುತ್ತದೆ. ಹೆಡ್, ಅಂದರೆ ಎಂಜಿನ್ನಿನ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ, ಬಿಚ್ಚಿದರೆ ಸಾವಿರಗಟ್ಟಲೆ ಖರ್ಚು. ಇವೆರಡರ ನಡುವೆ ಮನೆ ಅಂಗಳದಲ್ಲೇ ನೋಡಬಹುದಾದ, ಕಡಿಮೆ ಖರ್ಚಿನಲ್ಲಿ ಸರಿಹೋಗುವ ಕಾರಣಗಳು ಹಲವಿವೆ. ಅವನ್ನು ಅಗ್ಗದ್ದರಿಂದ ದುಬಾರಿಯದರ ಕಡೆಗೆ, ಒಂದಾದ ಮೇಲೊಂದು ನೋಡುತ್ತ ಹೋಗಬೇಕು. ಈ ಲೇಖನ ಆ ಸಾಲಿನಲ್ಲೇ ಇದೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಈ ತೊಂದರೆ ಹೆಚ್ಚು ಕಾಣುವುದಕ್ಕೆ ಕಾರಣಗಳಿವೆ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೋರಿನ ನೀರು ಬಹಳ ಕಡೆ ಗಡಸು, ಡೋಣಿ ನದಿಯ ಸಾಲಿನಲ್ಲಿ ಸವಳು. ರಸ್ತೆ ಮೇಲೆ ಹಾಕಿದ ರಾಶಿಯ ಹೊಟ್ಟು, ಎರೆ ಮಣ್ಣಿನ ಧೂಳು, ಕಬ್ಬಿನ ಟ್ರಾಲಿಯಿಂದ ಹಾರುವ ರವದಿ ಎಲ್ಲವೂ ಕಾರಿನ ಮೂತಿಯೊಳಗೆ ಹೋಗಿ ಕೂರುತ್ತವೆ. ಬೆಳಗಾವಿಯವರಿಗೆ ಬಿಸಿಲು ಕಡಿಮೆ, ಆದರೆ ಘಟ್ಟಗಳಿವೆ. ಗೋವಾಕ್ಕೆ ಹೋಗುವಾಗ ಏನೂ ಆಗದ ಗಾಡಿ ವಾಪಸ್ ಚೋರ್ಲಾ ಘಟ್ಟ ಏರುವಾಗ ಕಾಯುತ್ತದೆ.

ಒಳಗೆ ನಡೆಯುವುದು ಏನು

ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಎಂಜಿನ್ನಿನ ಬಿಸಿಯನ್ನು ಹೊತ್ತು ತರುವುದು ಕೂಲಂಟ್. ಅಂದರೆ ಗ್ಲೈಕಾಲ್ ಎಂಬ ದ್ರವ, ಲವಣವಿಲ್ಲದ ನೀರು ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ಅದನ್ನು ತಳ್ಳುವುದು ವಾಟರ್ ಪಂಪ್, ಗ್ಯಾರೇಜಿನವರು ಇದನ್ನೇ ವಾಟರ್ ಬಾಡಿ ಎನ್ನುತ್ತಾರೆ. ನಡುವೆ ಥರ್ಮೋಸ್ಟಾಟ್ ವಾಲ್ವ್ ಎಂಬ ಬಾಗಿಲು ಇದೆ. ಎಂಜಿನ್ ತಣ್ಣಗಿದ್ದಾಗ ಅದು ಮುಚ್ಚಿರುತ್ತದೆ, ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆಯಲು ಶುರುಮಾಡಿ ಕೂಲಂಟನ್ನು ರೇಡಿಯೇಟರ್‌ಗೆ ಬಿಡುತ್ತದೆ. ರೇಡಿಯೇಟರ್‌ನಲ್ಲಿ ಗಾಳಿ ತಾಗಿ ಕೂಲಂಟ್ ತಣಿಯುತ್ತದೆ. ಗಾಡಿ ಓಡುವಾಗ ಎದುರುಗಾಳಿ ಸಾಕು, ನಿಂತಾಗ ಫ್ಯಾನ್ ಬೇಕು.

ಉಳಿದದ್ದು ರೇಡಿಯೇಟರ್ ಕ್ಯಾಪ್. ಇದನ್ನು ಬರೀ ಮುಚ್ಚಳ ಎಂದುಕೊಂಡವರೇ ಹೆಚ್ಚು, ಆದರೆ ಅದು ಪ್ರೆಶರ್ ಕುಕ್ಕರಿನ ಸೀಟಿಯ ಕೆಲಸ ಮಾಡುತ್ತದೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಸಹಜವಾಗಿ ಓಡುವುದೇ 85ರಿಂದ 100 ಡಿಗ್ರಿಯಲ್ಲಿ. ಕ್ಯಾಪ್ ಒತ್ತಡ ಹಿಡಿದಿಟ್ಟಾಗ ಮತ್ತು ಅರ್ಧ ಗ್ಲೈಕಾಲ್, ಅರ್ಧ ನೀರಿನ ಕೂಲಂಟ್ ಇದ್ದಾಗ ಕುದಿಯುವ ಬಿಂದು 120 ಡಿಗ್ರಿ ದಾಟುತ್ತದೆ. ಕ್ಯಾಪಿನ ರಬ್ಬರ್ ಸವೆದು, ಒಳಗೆ ಬರೀ ನೀರಿದ್ದರೆ ಕುದಿಯುವುದಕ್ಕೂ ಓಡುವುದಕ್ಕೂ ನಡುವೆ ಅಂತರವೇ ಉಳಿಯುವುದಿಲ್ಲ.

ಬೇಕಾಗುವ ಸಾಮಾನು

ಟಾರ್ಚ್, ದಪ್ಪ ಹಳೆಯ ಬಟ್ಟೆ, ಕೈಗವಸು, ಒಂದು ದೊಡ್ಡ ರಟ್ಟು, ಪ್ಲೈಯರ್, ಸ್ಕ್ರೂಡ್ರೈವರ್, ಕೂಲಂಟ್ ಹಿಡಿಯಲು ಅಗಲ ಬಾಯಿಯ ಟಬ್. ಸಾಧ್ಯವಿದ್ದರೆ ಓಬಿಡಿ ರೀಡರ್ ಒಂದನ್ನು ಕೊಳ್ಳಿ. ಸ್ಟೇರಿಂಗಿನ ಕೆಳಗಿನ ಪೋರ್ಟಿಗೆ ಸಿಕ್ಕಿಸಿದರೆ ಎಂಜಿನ್ನಿನ ಬಿಸಿಯನ್ನು ಮೊಬೈಲಿನಲ್ಲಿ ಅಂಕಿಯಲ್ಲಿ ತೋರಿಸುವ ಚಿಕ್ಕ ಉಪಕರಣ ಅದು. ಈಚಿನ ಎಷ್ಟೋ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ, ಅಷ್ಟೇ. ಕೆಂಪು ಹತ್ತುವ ಹೊತ್ತಿಗೆ ತಡವಾಗಿರುತ್ತದೆ, ಆದ್ದರಿಂದ ಇಂಥ ಗಾಡಿಯವರಿಗೆ ಈ ರೀಡರ್ ನಿಜಕ್ಕೂ ಬೇಕು.

1. ದಾರಿಯಲ್ಲೇ ಮುಳ್ಳು ಏರಿದರೆ

ಮೊದಲು ಎಸಿ ಬಂದ್ ಮಾಡಿ. ಕಿಟಕಿ ಇಳಿಸಿ, ಹೀಟರ್ ಅನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಮೇ ತಿಂಗಳ ಮಧ್ಯಾಹ್ನ ಹೀಟರ್ ಹಾಕಿ ಎಂದರೆ ಹಿಂಸೆ ಎನಿಸುತ್ತದೆ ನಿಜ. ಆದರೆ ಹೀಟರ್ ಒಳಗಿರುವುದು ಇನ್ನೊಂದು ಸಣ್ಣ ರೇಡಿಯೇಟರ್, ಎಂಜಿನ್ನಿನ ಬಿಸಿಯನ್ನು ಅದು ಕಾರಿನೊಳಗೆ ಎಳೆದುಕೊಳ್ಳುತ್ತದೆ. ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಅದೊಂದು ಸುಳಿವು. ಕೂಲಂಟ್ ಅಲ್ಲಿಯವರೆಗೆ ತಲುಪುತ್ತಿಲ್ಲ, ಅಂದರೆ ಒಳಗೆ ಕೂಲಂಟ್ ಬಹಳ ಕಡಿಮೆಯಾಗಿರಬಹುದು.

ಸೇತುವೆ, ತಿರುವು ಬಿಟ್ಟು ಸುರಕ್ಷಿತ ಜಾಗದಲ್ಲಿ ಎಡಕ್ಕೆ ನಿಲ್ಲಿಸಿ. ಮುಳ್ಳು ಕೆಂಪಿಗೆ ಮುಟ್ಟಿದ್ದರೆ, ಕೆಂಪು ದೀಪ ಹತ್ತಿದ್ದರೆ, ಹಬೆ ಏಳುತ್ತಿದ್ದರೆ ಎಂಜಿನ್ ಕೂಡಲೇ ಬಂದ್. "ಇನ್ನ ಎರಡ ಕಿಲೋಮೀಟರ್ ಹೋದ್ರ ಊರು ಬರತೈತಿ" ಎಂದು ಓಡಿಸುವುದೇ ಹೆಡ್ ಕೆಡಿಸುವುದು. ಈಗಿನ ಹೆಡ್‌ಗಳು ಅಲ್ಯುಮಿನಿಯಮ್ಮಿನವು, ಅತಿಯಾಗಿ ಕಾದರೆ ಬಾಗುತ್ತವೆ. ಆ ಎರಡು ಕಿಲೋಮೀಟರ್ ಟೋ ಮಾಡಿಸಿದ ಖರ್ಚು ಯಾವಾಗಲೂ ಕಡಿಮೆಯೇ.

ಹಬೆ ಇದ್ದರೆ ಅದು ನಿಲ್ಲುವವರೆಗೆ ಬಾನೆಟ್ ಎತ್ತಬೇಡಿ. ಎತ್ತಿದ ಮೇಲೂ ಕ್ಯಾಪ್ ಮುಟ್ಟಬೇಡಿ. ಬಿಸಿ ಇದ್ದಾಗ ಕ್ಯಾಪ್ ತಿರುಗಿಸಿದರೆ ಒಳಗಿನ ಕೂಲಂಟ್ ಕುದಿದು ಮುಖಕ್ಕೆ, ಎದೆಗೆ ಚಿಮ್ಮುತ್ತದೆ. ಈ ಸುಟ್ಟಗಾಯಗಳು ಘೋರ. ಕಡಿಮೆಯೆಂದರೆ 45 ನಿಮಿಷ ಕಾಯಿರಿ. ಆಮೇಲೆ ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಬಟ್ಟೆ ಹಿಡಿದು ಅದುಮಿ ನೋಡಿ. ಗಟ್ಟಿಯಾಗಿದ್ದರೆ ಒತ್ತಡ ಇನ್ನೂ ಇದೆ, ಮೆತ್ತಗಾಗುವವರೆಗೆ ಕೂಡ್ರಿ.

ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯುವುದಾಗಲಿ, ಕಾದ ರೇಡಿಯೇಟರಿಗೆ ಒಮ್ಮೆಲೇ ತಣ್ಣೀರು ತುಂಬುವುದಾಗಲಿ ಬೇಡ, ಲೋಹ ಸೀಳುತ್ತದೆ. ಪೂರ್ತಿ ತಣಿದ ಮೇಲೆ, ಬೇರೆ ಗತಿ ಇಲ್ಲದಿದ್ದರೆ ಕುಡಿಯುವ ನೀರಿನ ಬಾಟಲಿಯಿಂದ ನಿಧಾನ ತುಂಬಿಕೊಂಡು ಗ್ಯಾರೇಜ್ ಮುಟ್ಟಬಹುದು. ಅದು ಅಲ್ಲಿಯವರೆಗೆ ಮಾತ್ರ.

2. ಯಾವಾಗ ಕಾಯುತ್ತದೆ ಎಂದು ಬರೆದಿಟ್ಟುಕೊಳ್ಳಿ

ಸ್ಪ್ಯಾನರ್ ಹಿಡಿಯುವ ಮೊದಲು ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಹಂತ ಇಲ್ಲ, ಬಹಳ ಜನ ಹಾರಿಸುವುದೂ ಇದನ್ನೇ.

ವಿಜಯಪುರದ ಗಾಂಧಿ ಚೌಕದ ದಟ್ಟಣೆಯಲ್ಲೋ, ಕಬ್ಬಿನ ಟ್ರಾಲಿಗಳ ಹಿಂದೆ ತೆವಳುವಾಗಲೋ ಕಾದು, ಹೈವೇಗೆ ಬಂದ ಕೂಡಲೇ ಇಳಿಯುತ್ತದೆಯೇ? ಹಾಗಾದರೆ ಓಡುವಾಗಿನ ಗಾಳಿ ಸಾಕಾಗುತ್ತಿದೆ, ನಿಂತಾಗಿನ ಗಾಳಿ ಸಾಕಾಗುತ್ತಿಲ್ಲ. ಫ್ಯಾನ್ ಕಡೆ ಹೋಗಿ, ಐದನೇ ಹಂತ.

ಊರೊಳಗೆ ಸರಿಯಿದ್ದು, ಸೊಲ್ಲಾಪುರ ಹೈವೇಯಲ್ಲಿ ವೇಗ ಹಿಡಿದಾಗ ಅಥವಾ ಘಟ್ಟ ಏರುವಾಗ ಮಾತ್ರ ಕಾಯುತ್ತದೆಯೇ? ಆಗ ಫ್ಯಾನಿನ ತಪ್ಪು ಕಡಿಮೆ. ಎಂಜಿನ್ ಹೆಚ್ಚು ಬಿಸಿ ಹುಟ್ಟಿಸುತ್ತಿದೆ, ಕೂಲಂಟ್ ಅಷ್ಟನ್ನು ಹೊರಹಾಕುತ್ತಿಲ್ಲ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುತ್ತಿರಬಹುದು, ವಾಟರ್ ಪಂಪ್ ಸೋತಿರಬಹುದು, ಕೆಳಗಿನ ಹೋಸ್ ಪೈಪ್ ಎಳೆತಕ್ಕೆ ಚಪ್ಪಟೆಯಾಗುತ್ತಿರಬಹುದು.

ಬೆಳಿಗ್ಗೆ ತಣ್ಣಗಿನ ಗಾಡಿ ಶುರುಮಾಡಿದ ಕೆಲವೇ ನಿಮಿಷಕ್ಕೆ ಕಾದರೆ ಕೂಲಂಟ್ ಇಲ್ಲ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಯೇ ಕೂತಿದೆ. ಮುಳ್ಳು ಒಮ್ಮೆ ಏರಿ ಒಮ್ಮೆ ಇಳಿದು ಆಟ ಆಡುತ್ತಿದ್ದರೆ ಒಳಗೆ ಗಾಳಿ ಸಿಕ್ಕಿದೆ. ಎಸಿ ಹಾಕಿದಾಗ ಮಾತ್ರ ಆದರೆ ಕಂಡೆನ್ಸರ್, ಅಂದರೆ ರೇಡಿಯೇಟರಿನ ಮುಂದಿರುವ ಎಸಿಯ ಜಾಲರಿ ಕಟ್ಟಿಕೊಂಡಿದೆ. ಮುಳ್ಳು ಕೆಂಪಿನಲ್ಲಿದ್ದರೂ ಹಬೆ ಇಲ್ಲ, ವಾಸನೆ ಇಲ್ಲ, ಹೋಸ್ ಅಷ್ಟೇನೂ ಬಿಸಿಯಿಲ್ಲ ಎಂದರೆ ಸೆನ್ಸಾರ್ ಅಥವಾ ಅದರ ವೈರ್ ಸುಳ್ಳು ಹೇಳುತ್ತಿರಬಹುದು. ಆದರೆ ಓಬಿಡಿ ರೀಡರಿನಲ್ಲಿ ಅಂಕಿ ನೋಡದೆ ಇದನ್ನು ನಂಬಿ ಓಡಿಸಬೇಡಿ.

3. ಕೂಲಂಟ್ ಮಟ್ಟ, ತಣ್ಣಗಿದ್ದಾಗ

ಬೆಳಿಗ್ಗೆ, ಗಾಡಿ ರಾತ್ರಿಯಿಡೀ ನಿಂತ ಮೇಲೆ ನೋಡಿ. ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಮಿನ್, ಮ್ಯಾಕ್ಸ್ ಎಂಬ ಎರಡು ಗೆರೆಗಳ ನಡುವೆ ಕೂಲಂಟ್ ಇರಬೇಕು. ಇಲ್ಲೊಂದು ಮೋಸ ಇದೆ. ಟ್ಯಾಂಕ್ ತುಂಬಿದ್ದರೂ ರೇಡಿಯೇಟರ್ ಖಾಲಿ ಇರಬಹುದು. ಕ್ಯಾಪಿನ ನಡುವಿನ ಸಣ್ಣ ವಾಲ್ವ್ ಕೆಟ್ಟರೆ ಟ್ಯಾಂಕಿನಿಂದ ಕೂಲಂಟ್ ವಾಪಸ್ ಎಳೆದುಕೊಳ್ಳುವುದಿಲ್ಲ. ಆದ್ದರಿಂದ ರೇಡಿಯೇಟರಿನ ಕ್ಯಾಪ್ ಇರುವ ಗಾಡಿಗಳಲ್ಲಿ ಅದನ್ನೂ ತೆರೆದು ನೋಡಿ, ಬಾಯಿಯವರೆಗೆ ಇರಬೇಕು. ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಕ್ಯಾಪ್ ಇರುವುದಿಲ್ಲ, ಒತ್ತಡದ ಮುಚ್ಚಳ ಟ್ಯಾಂಕಿನ ಮೇಲೇ ಇರುತ್ತದೆ.

ಬಣ್ಣ ಹಸಿರೋ ಕೆಂಪೋ ಎಂಬುದರಿಂದ ಗುಣ ತಿಳಿಯುವುದಿಲ್ಲ, ಕಂಪನಿಗಳು ಬೇರೆ ಬೇರೆ ಬಣ್ಣ ಹಾಕುತ್ತವೆ. ನೋಡಬೇಕಾದ್ದು ಸ್ವಚ್ಛತೆ. ಇಟ್ಟಂಗಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ತುಕ್ಕು. ಮೇಲೆ ಎಣ್ಣೆ ತೇಲುತ್ತಿದ್ದರೆ ನೇರ ಹತ್ತನೇ ಹಂತಕ್ಕೆ ಹೋಗಿ. ಕ್ಯಾಪಿನ ಬಾಯಿಯಲ್ಲಿ, ಒಳಗಿನ ನಳಿಗೆಗಳ ತುದಿಯಲ್ಲಿ ಬಿಳಿ ಪದರ ಕಂಡರೆ ಬೋರಿನ ನೀರು ಒಳಗೆ ಹೋಗಿದೆ. ಗೀಸರಿನ ಕಾಯಿಲಿಗೆ ಹತ್ತುವ ಬಿಳಿ ಗಾರೆ ಇದೇ, ಕ್ಯಾಲ್ಸಿಯಂ ಮತ್ತು ಮ್ಯಾಗ್ನೀಸಿಯಂ ಲವಣ. ರೇಡಿಯೇಟರಿನ ನಳಿಗೆಗಳ ಬಾಯಿ ಬಹಳ ಸಣ್ಣದು, ತೆಳ್ಳಗಿನ ಪದರವೂ ಬಿಸಿ ಹೊರಹೋಗದಂತೆ ತಡೆಯುತ್ತದೆ.

4. ಎಲ್ಲಿ ಸೋರುತ್ತಿದೆ

ಕೂಲಂಟ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಪದೇಪದೇ ತುಂಬಬೇಕಾಗಿ ಬಂದರೆ ಅದು ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಡಿ, ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ. ಎಸಿಯಿಂದ ತೊಟ್ಟಿಕ್ಕುವುದು ಬರೀ ನೀರು, ಬಣ್ಣ ವಾಸನೆ ಇರುವುದಿಲ್ಲ. ಕೂಲಂಟ್ ಜಿಗುಟು, ಸಿಹಿ ವಾಸನೆ.

ಟಾರ್ಚ್ ಹಿಡಿದು ಹೋಸ್ ಪೈಪುಗಳ ಕ್ಲಿಪ್ ಜಾಗ, ರೇಡಿಯೇಟರಿನ ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಂ ಕೂಡುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ ನೋಡಿ. ಒಣಗಿದ ಬಣ್ಣದ ಪುಡಿ ಅಂಟಿದ್ದರೆ ಅದೇ ಸೋರಿಕೆಯ ಗುರುತು. ಹೋಸ್ ಅನ್ನು ಅದುಮಿ, ಬಿರುಕು ಬಿಟ್ಟಿದ್ದರೆ ಅಥವಾ ಉಬ್ಬಿದ್ದರೆ ಬದಲಿಸಿ. ಎಡಗಡೆ ಕಾಲ ಬಳಿ ಮ್ಯಾಟ್ ಒದ್ದೆಯಾಗಿ, ಮುಂದಿನ ಗಾಜಿನ ಒಳಗೆ ಜಿಗುಟು ಮಂಜು ಕೂರುತ್ತಿದ್ದರೆ ಹೀಟರಿನ ರೇಡಿಯೇಟರ್ ತೂತಾಗಿದೆ.

ಹೊರಗಿನಿಂದ ಗ್ಯಾಸ್ ಕಿಟ್ ಹಾಕಿಸಿದವರು ಇನ್ನೊಂದು ಜಾಗ ನೋಡಬೇಕು. ಸಿಎನ್‌ಜಿ, ಎಲ್‌ಪಿಜಿ ಕಿಟ್ಟಿನ ರೆಡ್ಯೂಸರನ್ನು, ಅಂದರೆ ಗ್ಯಾಸಿನ ಒತ್ತಡ ಇಳಿಸುವ ಭಾಗವನ್ನು, ಬೆಚ್ಚಗಿಡಲು ಹೀಟರ್ ಪೈಪಿನಿಂದ ಕೂಲಂಟ್ ತೆಗೆದಿರುತ್ತಾರೆ. ಆ ಟಿ ಜೋಡಣೆಗಳು ಸಡಿಲಾಗಿ ಸೋರುವುದು ಸಾಮಾನ್ಯ, ಯಾರೂ ಅಲ್ಲಿ ನೋಡುವುದಿಲ್ಲ.

ಸೋರಿಕೆ ಕಣ್ಣಿಗೆ ಬೀಳದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಕ್ಯಾಪಿನ ಜಾಗದಲ್ಲಿ ಕೈಪಂಪ್ ಕೂರಿಸಿ ಗಾಳಿ ತುಂಬಿ, ಮುಳ್ಳು ಇಳಿಯುತ್ತದೆಯೇ ನೋಡುವ ಪರೀಕ್ಷೆ ಇದು. ಅರಿಶಿನ ಪುಡಿ ಹಾಕಿದರೆ ಸೋರುವುದು ನಿಲ್ಲುತ್ತದೆ ಎಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಹಾಕಬೇಡಿ. ಸೋರುವ ತೂತು ಮುಚ್ಚುವ ಪುಡಿ ಹೀಟರಿನ ಮತ್ತು ರೇಡಿಯೇಟರಿನ ನಳಿಗೆಯನ್ನೂ ಮುಚ್ಚುತ್ತದೆ. ಬಾಟಲಿಯಲ್ಲಿ ಮಾರುವ ಸೋರಿಕೆ ತಡೆ ದ್ರವಗಳ ಕತೆಯೂ ಇದೇ.

5. ಫ್ಯಾನ್

ಎಚ್ಚರಿಕೆ ಮೊದಲು. ಎಲೆಕ್ಟ್ರಿಕ್ ಫ್ಯಾನ್ ಎಂಜಿನ್ ಬಂದ್ ಇದ್ದಾಗಲೂ ತಾನಾಗಿ ತಿರುಗಬಹುದು. ಕೈ, ಟವೆಲ್, ಸೀರೆಯ ಸೆರಗು ದೂರ ಇರಲಿ.

ಎಂಜಿನ್ ಶುರುಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಯ ನಕ್ಷೆ ನೋಡಿ ಫ್ಯಾನಿನ ಫ್ಯೂಸ್ ಹುಡುಕಿ. ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ, ದೊಡ್ಡದನ್ನು ಹಾಕಿದರೆ ವೈರ್ ಸುಡುತ್ತದೆ. ಫ್ಯೂಸ್ ಸರಿಯಿದ್ದರೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್ ನೋಡಿ. ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದನ್ನು ತೆಗೆದು ಫ್ಯಾನಿನ ಜಾಗದಲ್ಲಿ ಇಟ್ಟು ನೋಡಿ, ಫ್ಯಾನ್ ತಿರುಗಿದರೆ ರಿಲೇಯೇ ಕೆಟ್ಟಿದೆ. ಆದರೂ ಇಲ್ಲವೇ? ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಲು ಎಲೆಕ್ಟ್ರಿಶಿಯನ್‌ಗೆ ಹೇಳಿ. ಉದ್ದ ಕಡ್ಡಿಯಿಂದ ತಟ್ಟಿದಾಗ ತಿರುಗಲು ಶುರುಮಾಡುವ ಫ್ಯಾನಿನ ಮೋಟಾರ್ ಬ್ರಶ್ ಸವೆದಿದೆ, ಅದು ಹೆಚ್ಚು ದಿನ ಬಾಳುವುದಿಲ್ಲ.

ಫ್ಯಾನ್ ಎಸಿಗೆ ತಿರುಗಿ, ಎಂಜಿನ್ ಕಾದಾಗ ಮಾತ್ರ ತಿರುಗದಿದ್ದರೆ ಕೂಲಂಟ್ ಸೆನ್ಸಾರ್ ನೋಡಬೇಕು. ಹಳೆಯ ಬೊಲೆರೊ, ಸುಮೊದಂಥ ಗಾಡಿಗಳಲ್ಲಿ ಫ್ಯಾನ್ ತಿರುಗಿಸುವುದು ಬೆಲ್ಟ್. ಬೆಲ್ಟ್ ಸಡಿಲವಾಗಿದೆಯೇ, ಸೀಳಿದೆಯೇ ನೋಡಿ. ನಡುವೆ ವಿಸ್ಕಸ್ ಕಪ್ಲಿಂಗ್ ಇದ್ದರೆ, ಅಂದರೆ ಒಳಗಿನ ಎಣ್ಣೆಯಿಂದ ಹಿಡಿತ ಕೊಡುವ ಗುಂಡು ಡಬ್ಬಿ ಇದ್ದರೆ, ಎಂಜಿನ್ ಬಿಸಿ ಇರುವಾಗ ಬಂದ್ ಮಾಡಿ, ಕೀಲಿ ತೆಗೆದು ಫ್ಯಾನ್ ತಿರುಗಿಸಿ. ತಡೆಯೇ ಇಲ್ಲದೆ ಸುತ್ತು ಹಾಕಿದರೆ ಕಪ್ಲಿಂಗ್ ಹೋಗಿದೆ.

ಫ್ಯಾನ್ ಡೈರೆಕ್ಟ್ ಮಾಡಿಕೊಡುತ್ತೇನೆ, ಕೀಲಿ ತಿರುಗಿಸಿದಾಗಿನಿಂದ ತಿರುಗುತ್ತಲೇ ಇರುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳಿದರೆ ಒಪ್ಪಬೇಡಿ. ಮೋಟಾರ್ ಬೇಗ ಸವೆಯುತ್ತದೆ, ಬ್ಯಾಟರಿ ಮೇಲೆ ಭಾರ ಬೀಳುತ್ತದೆ, ನಿಜವಾದ ದೋಷ ಅಡಗುತ್ತದೆ. ರಾತ್ರಿ ನಡುದಾರಿಯಲ್ಲಿ ರಿಲೇ ಹೋದಾಗ ಮನೆ ಮುಟ್ಟಲು ಮಾಡಿಕೊಂಡರೆ ಸರಿ, ಮರುದಿನ ಬಿಚ್ಚಿಸಿ.

6. ರೇಡಿಯೇಟರಿನ ಹೊರಗು

ನಮ್ಮ ಸೀಮೆಯಲ್ಲಿ ಈ ಹಂತಕ್ಕೇ ಮುಗಿಯುವ ಗಾಡಿಗಳು ಬಹಳ. ಜೋಳ, ಕಡಲೆ, ಹುರಳಿ ರಾಶಿಯ ಕಾಲದಲ್ಲಿ ರಸ್ತೆ ಮೇಲೆ ಹಾಸಿದ ಬೆಳೆ ಮೇಲೆ ಹಾಯ್ದ ಗಾಡಿಯ ಮುಂದಿನ ಜಾಲರಿ ತುಂಬ ಹೊಟ್ಟು ಸಿಕ್ಕಿರುತ್ತದೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛ ಕಾಣುತ್ತದೆ, ಅದರ ಹಿಂದೆ ರೇಡಿಯೇಟರ್ ನಡುವಿನ ಸಂದಿನಲ್ಲಿ ಕಸ ದಿಂಡು ಕಟ್ಟಿರುತ್ತದೆ. ಟಾರ್ಚ್ ಅನ್ನು ಎಂಜಿನ್ ಕಡೆಯಿಂದ ಹಿಡಿದು ಮುಂದಿನಿಂದ ನೋಡಿ, ಬೆಳಕು ತೂರದ ಜಾಗವೆಲ್ಲ ಕಟ್ಟಿಕೊಂಡದ್ದು.

ತೊಳೆಯುವಾಗ ಎಂಜಿನ್ ತಣ್ಣಗಿರಲಿ. ಸಾದಾ ಪೈಪಿನ ನೀರನ್ನು ಎಂಜಿನ್ ಕಡೆಯಿಂದ ಹೊರಗಡೆಗೆ ಬಿಡಿ, ಕಸ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಸರ್ವಿಸ್ ಸೆಂಟರಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳ್ಳಗಿನ ರೆಕ್ಕೆಗಳು ಮಲಗಿ, ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಮುಂದಿನ ಬಂಪರಿಗೆ ಹಾಕಿಸಿದ ಹೆಚ್ಚುವರಿ ಜಾಲರಿ, ಸಾಲು ದೀಪಗಳು ಗಾಳಿ ತಡೆಯುತ್ತಿದ್ದರೆ ತೆಗೆಸಿ. ರಾಶಿ ಮೇಲೆ ಹಾಯ್ದಾಗ ಇನ್ನೊಂದು ಅಪಾಯವೂ ಇದೆ. ಹುರಳಿಯ ಬಳ್ಳಿ ಗಾಡಿ ಅಡಿಗೆ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಬೆಂಕಿ ಹಿಡಿಯಬಹುದು. ಹಾಯಲೇಬೇಕಾಗಿ ಬಂದರೆ ಮುಂದೆ ನಿಲ್ಲಿಸಿ ಅಡಿ ನೋಡಿ.

7. ಥರ್ಮೋಸ್ಟಾಟ್ ವಾಲ್ವ್

ತಣ್ಣಗಿನ ಎಂಜಿನ್ ಶುರುಮಾಡಿ, ಮೇಲಿನ ಹೋಸ್ ಮತ್ತು ಕೆಳಗಿನ ಹೋಸ್ ಎರಡನ್ನೂ ಆಗಾಗ ಮುಟ್ಟಿ ನೋಡುತ್ತಿರಿ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರವಿರಲಿ. ವಾಲ್ವ್ ತೆರೆದಾಗ ತಣ್ಣಗಿದ್ದ ಹೋಸ್ ಬೇಗ ಬೇಗ ಬಿಸಿಯಾಗುತ್ತದೆ. ಮುಳ್ಳು ಅರ್ಧ ದಾಟಿ ಮೇಲೇರುತ್ತಿದ್ದರೂ ಎರಡರಲ್ಲಿ ಒಂದು ತಣ್ಣಗೇ ಉಳಿದರೆ ವಾಲ್ವ್ ತೆರೆಯುತ್ತಿಲ್ಲ, ಅಥವಾ ರೇಡಿಯೇಟರ್ ಒಳಗೆ ಪೂರಾ ಕಟ್ಟಿದೆ.

ತೆಗೆಸಿದ ಮೇಲೆ ಖಾತ್ರಿ ಮಾಡಿಕೊಳ್ಳುವುದು ಸುಲಭ. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರಿಟ್ಟು, ವಾಲ್ವನ್ನು ದಾರದಿಂದ ತೂಗುಹಾಕಿ, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ ಕೊರೆದ ಅಂಕಿಯ ಆಸುಪಾಸಿನಲ್ಲಿ ತೆರೆಯಲು ಶುರುಮಾಡಬೇಕು. ನೀರು ಕುದಿದರೂ ತೆರೆಯದಿದ್ದರೆ ಹೊಸದು ಹಾಕಿ.

ಇಲ್ಲಿ ನಾನು ಒತ್ತಿ ಹೇಳಬೇಕಾದ್ದು ಒಂದಿದೆ. "ನಮ್ಮ ಬಿಸಲಿಗೆ ವಾಲ್ವ್ ಬ್ಯಾಡ್ರಿ, ತಗದ ಒಗೀರಿ" ಎಂಬ ಮಾತು ಬಹಳ ಗ್ಯಾರೇಜುಗಳಲ್ಲಿದೆ. ವಾಲ್ವ್ ಇಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರಲು ತುಂಬ ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಇಂಧನ ಹೆಚ್ಚು ಸುಡುತ್ತದೆ, ಇಂಗಾಲ ಕಟ್ಟುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ತೆರೆಯುವಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಕೂಲಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಿ, ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ.

8. ಕ್ಯಾಪ್

ರಬ್ಬರ್ ಗಟ್ಟಿಯಾಗಿದೆಯೇ, ಹರಿದಿದೆಯೇ, ಸ್ಪ್ರಿಂಗ್ ತುಕ್ಕು ಹಿಡಿದಿದೆಯೇ ನೋಡಿ. ಗಾಡಿ ತಣಿದ ಮೇಲೆ ಮೇಲಿನ ಹೋಸ್ ಒಳಗೆಳೆದಂತೆ ಚಪ್ಪಟೆಯಾಗಿದ್ದರೆ ಕ್ಯಾಪಿನ ಸಣ್ಣ ವಾಲ್ವ್ ಕೆಟ್ಟಿದೆ. ಹೊಸದು ತರುವಾಗ ಹಳೆಯದರ ಮೇಲೆ ಬರೆದ ಅಂಕಿ, ಅಂದರೆ 0.9 ಅಥವಾ 1.1 ಎಂಬಂಥದ್ದನ್ನು ನೋಡಿ ಅದೇ ತನ್ನಿ. ಹೆಚ್ಚು ಒತ್ತಡದ್ದು ಹಾಕಿದರೆ ಹಳೆಯ ಹೋಸ್ ಸೀಳುತ್ತದೆ.

9. ವಾಟರ್ ಪಂಪ್

ಬೇರಿಂಗ್ ಕಿರುಗುಟ್ಟುವ ಸದ್ದು, ಪುಲ್ಲಿ ಅಲುಗಾಡುವುದು, ಪಂಪಿನ ಕೆಳಗಿನ ರಂಧ್ರದಿಂದ ಹನಿ ಇದ್ದರೆ ಬದಲಿಸಿ. ಬರೀ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಒಳಗಿನ ರೆಕ್ಕೆ ತುಕ್ಕಿಗೆ ಸವೆದು, ಹೊರಗಿನಿಂದ ಏನೂ ಕಾಣದೆಯೇ ಪಂಪ್ ಸೋತಿರುತ್ತದೆ. ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುವ ಎಂಜಿನ್ ಆದರೆ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿ, ಕೂಲಿ ಒಂದೇ ಸಲ ಬೀಳುತ್ತದೆ.

10. ಹೆಡ್ ಗ್ಯಾಸ್ಕೆಟ್ ಹೋಗಿದೆಯೇ

ಹೆಡ್ ಮತ್ತು ಅದರ ಕೆಳಗಿನ ಎಂಜಿನ್ ಬ್ಲಾಕ್ ನಡುವೆ ಬಿಗಿಯಾಗಿ ಕೂರುವ ತೆಳು ಹಾಳೆ ಹೆಡ್ ಗ್ಯಾಸ್ಕೆಟ್. ಅದು ಸುಟ್ಟರೆ ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ನುಗ್ಗುತ್ತದೆ, ಕೂಲಂಟ್ ಸಿಲಿಂಡರಿಗೋ ಆಯಿಲಿಗೋ ಇಳಿಯುತ್ತದೆ. ಗುರುತುಗಳು ಇವು: ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬರುವುದು ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ, ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದಂಥ ಆಯಿಲ್, ತಣ್ಣಗೆ ಶುರುಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಕ್ಯಾಪ್ ತೆರೆದಿಟ್ಟು ತಣ್ಣಗಿನ ಎಂಜಿನ್ ಶುರುಮಾಡಿದಾಗ ನಿಲ್ಲದೆ ಬರುವ ಗುಳ್ಳೆ, ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುವುದು.

ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ಕಂಡರೆ ಗಾಬರಿ ಬೇಡ, ಮಳೆಗಾಲದಲ್ಲಿ ಹತ್ತಿರದ ಓಡಾಟಕ್ಕೇ ಬಳಸುವ ಗಾಡಿಯಲ್ಲಿ ತೇವಕ್ಕೂ ಅದು ಬರುತ್ತದೆ. ಅನುಮಾನ ಇದ್ದರೆ ಬ್ಲಾಕ್ ಟೆಸ್ಟ್ ಕೇಳಿ. ರೇಡಿಯೇಟರಿನ ಬಾಯಿಯಲ್ಲಿ ಇಟ್ಟ ನೀಲಿ ದ್ರವದ ಮೂಲಕ ಒಳಗಿನ ಗಾಳಿ ಹಾಯಿಸುತ್ತಾರೆ. ಸುಟ್ಟ ಗ್ಯಾಸ್ ಇದ್ದರೆ ದ್ರವ ಹಳದಿಗೆ ತಿರುಗುತ್ತದೆ. ಈ ಪರೀಕ್ಷೆ ಅಥವಾ ಮೇಲಿನ ಸ್ಪಷ್ಟ ಗುರುತು ಇಲ್ಲದೆ ಹೆಡ್ ಬಿಚ್ಚಲು ಒಪ್ಪಬೇಡಿ. ಬಿಚ್ಚಿದರೆ ಬರೀ ಗ್ಯಾಸ್ಕೆಟ್ ಬದಲಿಸಿ ಕೂಡಿಸುವುದು ತಪ್ಪು. ಹೆಡ್ಡನ್ನು ಲೇತ್ ಅಂಗಡಿಗೆ ಕಳಿಸಿ ಬಾಗಿದೆಯೇ, ಸೀಳಿದೆಯೇ ನೋಡಿಸಿ, ಬೇಕಿದ್ದರೆ ಫೇಸಿಂಗ್, ಅಂದರೆ ಮೇಲ್ಮೈ ಸಮ ಮಾಡುವ ಕೆಲಸ ಮಾಡಿಸಿ. ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ, ಕಂಪನಿ ಹೇಳಿದ ಕ್ರಮದಲ್ಲೇ ಬಿಗಿಯಬೇಕು. ಮುಖ್ಯವಾಗಿ, ಗ್ಯಾಸ್ಕೆಟ್ ಸುಡುವಂತೆ ಮಾಡಿದ ಮೂಲ ಕಾರಣ ಸಿಗದಿದ್ದರೆ ಹೊಸ ಗ್ಯಾಸ್ಕೆಟ್ಟೂ ಸುಡುತ್ತದೆ.

11. ತೊಳೆದು ಹೊಸ ಕೂಲಂಟ್ ತುಂಬುವುದು

ತಣ್ಣಗಿನ ಎಂಜಿನ್ನಿನಲ್ಲಿ ಕ್ಯಾಪ್ ತೆಗೆದು, ರೇಡಿಯೇಟರಿನ ಕೆಳಗಿನ ಪ್ಲಗ್ ಅಥವಾ ಕೆಳಗಿನ ಹೋಸ್ ಬಿಚ್ಚಿ ಹಳೆಯದನ್ನು ಟಬ್ಬಿಗೆ ಇಳಿಸಿ. ಡಿಸ್ಟಿಲ್ಡ್ ನೀರು ತುಂಬಿ, ಹೀಟರ್ ಬಿಸಿಗೆ ಇಟ್ಟು, ಫ್ಯಾನ್ ಒಮ್ಮೆ ತಿರುಗುವವರೆಗೆ ಎಂಜಿನ್ ನಡೆಸಿ, ತಣಿಸಿ, ಇಳಿಸಿ. ಹೊರಬರುವ ನೀರು ತಿಳಿಯಾಗುವವರೆಗೆ ಹೀಗೇ ಮಾಡಿ. ಬ್ಯಾಟರಿಗೆ ಹಾಕುವ ನೀರು ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಅದೇ ಸಾಕು. ಆಸಿಡ್ ಹಾಕಿ ತೊಳೆಯುವುದು ಬೇಡ, ಅಲ್ಯುಮಿನಿಯಂ ತಿಂದುಹೋಗುತ್ತದೆ. ಹಳೆಯ ಹಿತ್ತಾಳೆ, ತಾಮ್ರದ ರೇಡಿಯೇಟರನ್ನು ಬಿಚ್ಚಿ ಕಡ್ಡಿ ಹಾಕಿ ತೆಗೆಯುತ್ತಿದ್ದರು. ಈಗಿನ ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್ ಒಳಗೆ ಗಾರೆ ಗಟ್ಟಿಯಾಗಿದ್ದರೆ ಬದಲಿಸುವುದೇ ಸರಿ.

ಕೊಳ್ಳುವಾಗ ಡಬ್ಬಿ ಓದಿ. ರೆಡಿ ಮಿಕ್ಸ್ ಆದರೆ ನೀರು ಬೆರೆಸುವಂತಿಲ್ಲ, ನೇರ ಹಾಕಬೇಕು. ಗಟ್ಟಿ ಕೂಲಂಟ್, ಅಂದರೆ ನೀರು ಬೆರೆಸದ ಕಾನ್ಸೆಂಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು ಬೆರೆಸಿ. ಬರೀ ಗಟ್ಟಿ ಕೂಲಂಟ್ ಹಾಕಿದರೆ ಹೆಚ್ಚು ತಣಿಯುತ್ತದೆ ಎಂಬುದು ತಪ್ಪು, ಬಿಸಿ ಹೊರುವ ಶಕ್ತಿ ನೀರಿಗೇ ಹೆಚ್ಚು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ ಎಂದೂ ಕೇಳುತ್ತಾರೆ. ಕುದಿಯುವ ಬಿಂದು ಏರಿಸಲು, ತುಕ್ಕು ತಡೆಯಲು, ಪಂಪಿನ ಸೀಲ್ ಉಳಿಸಲು ಬೇಕು. ಯಾವ ಬಗೆಯದು ಎಂಬುದಕ್ಕೆ ಗಾಡಿಯ ಪುಸ್ತಕ ನೋಡಿ, ಎರಡು ಬಗೆ ಬೆರೆಸಬೇಡಿ. ಸಣ್ಣ ಕಾರಿಗೆ ನಾಲ್ಕೈದು ಲೀಟರ್ ಹಿಡಿಯುತ್ತದೆ, ದೊಡ್ಡ ಡೀಸೆಲ್ ಗಾಡಿಗೆ ಅದಕ್ಕಿಂತ ಹೆಚ್ಚು.

ತುಂಬುವಾಗ ಗಾಳಿ ಒಳಗೆ ಸಿಕ್ಕಿಕೊಳ್ಳದಂತೆ ನೋಡಬೇಕು. ಎಲ್ಲ ಸರಿ ಮಾಡಿಸಿದ ಮೇಲೂ ಕಾಯುತ್ತದೆ ಎಂದು ಬರುವ ಗಾಡಿಗಳಲ್ಲಿ ಬಹಳ ಸಲ ತಪ್ಪಿರುವುದು ಇಲ್ಲೇ. ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲಿಡಿ. ನಿಧಾನ ತುಂಬಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬಂದಾಗ ಬಿಗಿಯಿರಿ. ಕ್ಯಾಪ್ ತೆರೆದೇ, ಹೀಟರ್ ಬಿಸಿಗಿಟ್ಟು ಎಂಜಿನ್ ನಡೆಸಿ, ಮೇಲಿನ ಹೋಸ್ ಅನ್ನು ಮೆಲ್ಲಗೆ ಅದುಮುತ್ತಿರಿ. ಮುಖ ಬಾಯಿಯ ಮೇಲೆ ತರಬೇಡಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ ಕ್ಯಾಪ್ ಹಾಕಿ. ಮುಚ್ಚಳ ಟ್ಯಾಂಕಿನ ಮೇಲಿರುವ ಗಾಡಿಗಳಿಗೆ ಪುಸ್ತಕದಲ್ಲಿ ಬೇರೆ ಕ್ರಮ ಇರಬಹುದು, ಅದನ್ನೇ ಅನುಸರಿಸಿ. ಮರುದಿನ ಬೆಳಿಗ್ಗೆ, ಮುಂದಿನ ಒಂದು ವಾರ ತಣ್ಣಗಿದ್ದಾಗ ಮಟ್ಟ ನೋಡುತ್ತಿರಿ. ಮೊದಲೆರಡು ದಿನ ಸ್ವಲ್ಪ ಇಳಿಯುವುದು ಸಹಜ, ಆಮೇಲೂ ಇಳಿದರೆ ನಾಲ್ಕನೇ ಹಂತಕ್ಕೆ ವಾಪಸ್.

ಟಬ್ಬಿನಲ್ಲಿರುವ ಹಳೆಯ ಕೂಲಂಟನ್ನು ಅಂಗಳಕ್ಕೋ ಗಟಾರಕ್ಕೋ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ, ಬೆಕ್ಕು, ಕರುಗಳು ನೆಕ್ಕುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅಷ್ಟೇ ಅಪಾಯ. ನೀರಿನ ಬಾಟಲಿಯಲ್ಲಿ ತುಂಬಿಡುವುದಂತೂ ಬೇಡವೇ ಬೇಡ. ಕೂಲಂಟಿನದೇ ಖಾಲಿ ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಮೇಲೆ ವಿಷ ಎಂದು ಬರೆದು, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನವರನ್ನು ಕೇಳಿ ಕೊಡಿ. ನೆಲದ ಮೇಲೆ ಚೆಲ್ಲಿದ್ದರೆ ಮಣ್ಣು ಹಾಕಿ ಹೀರಿಸಿ, ಆ ಮಣ್ಣನ್ನು ಗುಡಿಸಿ ಚೀಲಕ್ಕೆ ತುಂಬಿ, ಜಾಗವನ್ನು ಚೆನ್ನಾಗಿ ತೊಳೆಯಿರಿ.